ಕರಿ ತುಳಸಿ, ಬಿಳಿ ತುಳಸಿ ಮತ್ತು ಬದುವಿನ ತುಳಸಿ

ಕಾರ್ತಿಕ ಶುದ್ಧ ದ್ವಾದಶಿ ಸಮೀಪಿಸಿತೆಂದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸಂತೆಗಳಿಗೆ ಸೋಗೆ ಸಮೇತ ಕಬ್ಬು, ಕಾಯಿ ಹಿಡಿದ ನೆಲ್ಲಿ ಟೊಂಗೆ, ಹುಣಸೆ ಟೊಂಗೆ ಒಟ್ಟಿಗೇ ಬಂದು ಬೀಳುತ್ತವೆ. ಅಂಗಳದ ತುಳಸಿ ಕಟ್ಟೆಗೆ ಕಬ್ಬಿನ ಮಂಟಪ ಕಟ್ಟಿ ಲಗ್ನ ಮಾಡುವ ಹೊತ್ತು ಅದು. ಹಳೆಯ ಗಿಡ ಒಣಗಿದವರು ಹೊಸ ಸಸಿಗಾಗಿ ನರ್ಸರಿಗೆ ಬರುತ್ತಾರೆ. ಅಲ್ಲಿ ಕೇಳುವ ಮೊದಲ ಮಾತು: ‘ಕರೇದ ಬೇಕೇನ್ರಿ, ಬಿಳೇದ ಬೇಕೇನ್ರಿ?’

ಈ ಪ್ರಶ್ನೆಗೆ ಮನೆಮನೆಯಲ್ಲೂ ಖಚಿತ ಉತ್ತರವಿದೆ. ಕಷಾಯಕ್ಕೆ ಕರಿಯದೇ ಆಗಬೇಕು ಎನ್ನುವವರು ಕೆಲವರು, ಪೂಜೆಗೆ ಬಿಳಿಯದು ಎನ್ನುವವರು ಕೆಲವರು, ಎರಡನ್ನೂ ಒಂದೇ ಕಟ್ಟೆಯಲ್ಲಿ ಬೆಳೆಸುವವರು ಇನ್ನು ಕೆಲವರು. ಇಷ್ಟು ಸೂಕ್ಷ್ಮವಾಗಿ ಬಣ್ಣ ನೋಡುವ ಇದೇ ಜನ ಹೊಲದ ಬದುವಿನಲ್ಲಿ, ಬಾವಿ ದಂಡೆಯಲ್ಲಿ, ರಸ್ತೆ ಮಗ್ಗುಲಲ್ಲಿ ಬೆಳೆದ ನಾಲ್ಕು ಬೇರೆ ಬೇರೆ ಗಿಡಗಳನ್ನು ‘ಅಡವಿ ತುಳಸಿ’ ಎಂಬ ಒಂದೇ ಹೆಸರಿನಲ್ಲಿ ಕರೆದು ಮುಂದೆ ಸಾಗುತ್ತಾರೆ. ಸಸ್ಯಶಾಸ್ತ್ರದ ಲೆಕ್ಕ ಇದಕ್ಕೆ ತಿರುವುಮುರುವು. ಕರಿಯದು, ಬಿಳಿಯದು ಎಂದು ನಾವು ಬೇರ್ಪಡಿಸುವ ಎರಡೂ ಒಂದೇ ಪ್ರಭೇದ. ಒಂದೇ ಎಂದು ನಾವು ಕಡೆಗಣಿಸುವ ಬದುವಿನ ಗಿಡಗಳು ಮೂರು ಪ್ರಭೇದಕ್ಕೆ ಸೇರುತ್ತವೆ, ಅವುಗಳ ಸಂಗಡ ತುಳಸಿಯ ಕುಲಕ್ಕೇ ಸೇರದ ನಾಲ್ಕನೆಯದೊಂದು ನಿಂತಿರುತ್ತದೆ. ಎಲೆಯ ಬಣ್ಣ ನೋಡಿ ಹೆಸರಿಡುವ ನಮ್ಮ ರೂಢಿ ಹೂವು, ಬೀಜದ ಕಡೆಗೂ ಒಂದಿಷ್ಟು ತಿರುಗಬೇಕು ಎಂಬುದು ನನ್ನ ಬಲವಾದ ನಂಬಿಕೆ. ಇದರಲ್ಲಿ ಭಕ್ತಿಗೆ ಯಾವ ಬಾಧೆಯೂ ಇಲ್ಲ. ಮದ್ದಿಗೆ, ಸಾಗುವಳಿಗೆ, ವ್ಯಾಪಾರಕ್ಕೆ ಮಾತ್ರ ದೊಡ್ಡ ಉಪಕಾರವಿದೆ.

ತುಳಸಿ ಪುದೀನ ಕುಟುಂಬದ ಗಿಡ. ಶಾಸ್ತ್ರದಲ್ಲಿ ಲೇಮಿಯೇಸಿ ಎನ್ನುವ ಈ ಕುಟುಂಬದಲ್ಲಿ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ಎಳೆ ಕಾಂಡವನ್ನು ಬೆರಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ತಾಕುತ್ತವೆ. ಎಲೆಗಳು ಎದುರುಬದುರು ಜೋಡಿಯಾಗಿ ಹುಟ್ಟುತ್ತವೆ. ಹೂವಿಗೆ ಮೇಲೊಂದು ಕೆಳಗೊಂದು ತುಟಿ. ಒಂದೊಂದು ಹೂವಿನಿಂದ ನಾಲ್ಕು ಪುಟ್ಟ ಬೀಜ. ಶಿವನಿಗೆ ಪ್ರಿಯವೆಂದು ಸೋಮವಾರ ಬಿಡಿಸುವ ತುಂಬೆ, ಮಾಲೆಗೆ ಸೇರಿಸುವ ಮರುಗ, ಕೆಮ್ಮಿಗೆ ಹಿಂಡುವ ದೊಡ್ಡಪತ್ರೆ ಎಲ್ಲವೂ ಇದೇ ಕುಟುಂಬದವು. ನಮ್ಮ ಭಾಗದಲ್ಲಿ ವಾರಕರಿಯ ಕೊರಳಿನ ತುಳಸಿ ಮಣಿ, ಲಿಂಗಪೂಜೆಯ ತುಂಬೆ ಹೂವು, ಮುಸ್ಲಿಮರು ಕಬರಿನ ಮೇಲೆ ನೆಡುವ ಸಬ್ಜಾ ಮೂರೂ ಸಸ್ಯಶಾಸ್ತ್ರದ ಒಂದೇ ಮನೆತನಕ್ಕೆ ಸೇರಿದವು. ಇದು ತಿಳಿದ ದಿನ ನನಗಾದ ಸಂತೋಷ ಸಣ್ಣದಲ್ಲ.

ಕುಟುಂಬದೊಳಗೆ ತುಳಸಿಯ ಕುಲದ ಹೆಸರು ಆಸಿಮಮ್. ಈ ಕುಲವನ್ನು ಗುರುತಿಸಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈಮಸೂರ ಸಾಕು. ಬೆಳಗಿನ ಹೊತ್ತು ಅರಳಿದ ತುಳಸಿ ಹೂವನ್ನು ಅಂಗೈ ಮೇಲಿಟ್ಟು ನೋಡಿ. ಮೇಲ್ದುಟಿ ನಾಲ್ಕು ಸಣ್ಣ ಹಾಲೆಗಳಾಗಿ ಸೀಳಿರುತ್ತದೆ, ಕೆಳದುಟಿ ಸೀಳದೆ ಒಂದೇ ಹಾಳೆಯಾಗಿರುತ್ತದೆ. ಕುಟುಂಬದ ಬಹುಪಾಲು ಗಿಡಗಳಲ್ಲಿ ಹೀಗಿಲ್ಲ, ಅಲ್ಲಿ ಸೀಳು ಹೆಚ್ಚಿರುವುದು ಕೆಳದುಟಿಯಲ್ಲಿ. ಇನ್ನು ಕೇಸರಗಳು. ತುಂಬೆಯಲ್ಲಿ ನಾಲ್ಕೂ ಕೇಸರಗಳು ಮೇಲ್ದುಟಿಯ ಮರೆಯಲ್ಲಿ ಅಡಗಿರುವುದರಿಂದ ಜೇನುಹುಳದ ಬೆನ್ನಿಗೆ ಪರಾಗ ಹತ್ತುತ್ತದೆ. ತುಳಸಿಯಲ್ಲಿ ಅವು ಕೆಳದುಟಿಯ ಮೇಲೆ ಒರಗಿ ಹೊರಚಾಚಿರುವುದರಿಂದ ಹುಳದ ಹೊಟ್ಟೆಗೆ ಹತ್ತುತ್ತದೆ. ಹೂವು ಉದುರಿದ ಮೇಲೂ ತೆನೆಯಲ್ಲಿ ಉಳಿಯುವ ಹಸಿರು ಪುಷ್ಪಪಾತ್ರೆಯನ್ನು ನೋಡಿ: ಮೇಲಿನ ಭಾಗ ತಲೆ ಮೇಲೆ ಸೆರಗು ಹೊದ್ದಂತೆ ಅಗಲ, ಗುಂಡಗೆ, ಕೆಳಗಿನ ಭಾಗಕ್ಕೆ ನಾಲ್ಕು ಚೂಪು ಹಲ್ಲು. ಈ ಲಕ್ಷಣಗಳೆಲ್ಲ ಕೂಡಿದ್ದರೆ ಅದು ಆಸಿಮಮ್. ವಾಸನೆ ತುಳಸಿಯದ್ದೇ ಎನಿಸಿದರೂ ಈ ಲಕ್ಷಣಗಳಿಲ್ಲದಿದ್ದರೆ ಅಲ್ಲ.

ಜಗತ್ತಿನಲ್ಲಿ ಈ ಕುಲದ ಪ್ರಭೇದಗಳೆಷ್ಟು? ಕೆಲವು ಪುಸ್ತಕಗಳು 150 ದಾಟಿಸುತ್ತವೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆಲನ್ ಪೇಟನ್ 1992ರಲ್ಲಿ ಆಫ್ರಿಕದ ಪ್ರಭೇದಗಳನ್ನು ಪರಿಷ್ಕರಿಸಿದರು, 1999ರಲ್ಲಿ ಸಹೋದ್ಯೋಗಿಗಳೊಂದಿಗೆ ಇಡೀ ಕುಲದ ಸಮೀಕ್ಷೆ ಬರೆದರು. ಒಂದೇ ಗಿಡಕ್ಕಿದ್ದ ಹಲವು ಹೆಸರುಗಳನ್ನು ಕೂಡಿಸಿದಾಗ ಉಳಿದದ್ದು ಸುಮಾರು 65. ಅರ್ಧಕ್ಕಿಂತ ಹೆಚ್ಚು ‘ಪ್ರಭೇದ’ಗಳು ಬರೀ ಹೆಸರುಗಳಾಗಿದ್ದವು.

ಹೀಗೆ ಎರಡೆರಡು ಹೆಸರು ಇಡುವುದನ್ನು ಆರಂಭಿಸಿದವನು ಸ್ವತಃ ಲಿನೇಯಸ್. 1753ರಲ್ಲಿ ಅವನು ನಮ್ಮ ತುಳಸಿಗೆ ಆಸಿಮಮ್ ಟೆನ್ಯುಯಿಫ್ಲೋರಮ್ ಎಂದು ಹೆಸರಿಟ್ಟ. 1767ರಲ್ಲಿ ಅದೇ ತುಳಸಿಯನ್ನು ಬೇರೆ ಗಿಡವೆಂದು ಬಗೆದು ಆಸಿಮಮ್ ಸ್ಯಾಂಕ್ಟಮ್ ಎಂದ. ಎರಡೂ ಒಂದೇ ಎಂದು ಖಚಿತವಾದ ಮೇಲೆ, ಮೊದಲು ಪ್ರಕಟವಾದ ಹೆಸರೇ ನಿಲ್ಲಬೇಕೆಂಬ ನಿಯಮದಂತೆ ಟೆನ್ಯುಯಿಫ್ಲೋರಮ್ ಉಳಿಯಿತು. ಆದರೆ ಸ್ಯಾಂಕ್ಟಮ್ ಅಷ್ಟು ಬೇಗ ಹೋಗಲಿಲ್ಲ. ಆಯುರ್ವೇದದ ಔಷಧಕೋಶ, ಸಿರಪ್ಪಿನ ಶೀಶೆ, ಚಹಾದ ಪೊಟ್ಟಣಗಳ ಮೇಲೆ ಈಗಲೂ ಅದೇ ಇದೆ. ಒಂದು ಪೊಟ್ಟಣದ ಮೇಲೆ ಒಂದು ಹೆಸರು, ಇನ್ನೊಂದರ ಮೇಲೆ ಇನ್ನೊಂದು ಕಂಡರೆ ಗಿಡವೂ ಬೇರೆ ಎಂದು ತಿಳಿಯಬೇಕಿಲ್ಲ.

ಇನ್ನು ಬಣ್ಣದ ವಿಷಯ. ಕರಿ ತುಳಸಿಗೆ ಕೃಷ್ಣ ತುಳಸಿ, ಶ್ಯಾಮ ತುಳಸಿ ಎಂಬ ಹೆಸರುಗಳಿವೆ. ಬಿಳಿಯದಕ್ಕೆ ಶ್ರೀ ತುಳಸಿ, ರಾಮ ತುಳಸಿ, ಲಕ್ಷ್ಮೀ ತುಳಸಿ. ಮಸೂರದಡಿ ಎರಡರ ಹೂವನ್ನೂ ಇಟ್ಟು ನೋಡಿದರೆ ರಚನೆಯಲ್ಲಿ ಭೇದ ಸಿಗುವುದಿಲ್ಲ. ಕಾಂಡದ ಮೇಲೆ ಮೆತ್ತನೆಯ ನವಿರು, ಮೂರು ನಾಲ್ಕು ಮಿಲಿಮೀಟರಿನ ಚಿಕ್ಕ ಹೂವು, ತೆನೆಯಲ್ಲಿ ಹೂಸುತ್ತುಗಳ ನಡುವೆ ಬಿಡುವು, ಕಂದು ಬಣ್ಣದ ಬೀಜ ಎರಡರಲ್ಲೂ ಒಂದೇ. ಕರಿಯದರ ಕಾಂಡ, ಎಲೆ, ಪುಷ್ಪಪಾತ್ರೆಗಳಲ್ಲಿ ಆಂಥೋಸಯಾನಿನ್ ಎಂಬ ನೇರಳೆ ವರ್ಣದ್ರವ್ಯ ಹೆಚ್ಚು ತುಂಬಿರುತ್ತದೆ, ಅಷ್ಟೇ. ಒಳ್ಳೆಯ ಬಿಸಿಲಿನಲ್ಲಿ ಆ ಬಣ್ಣ ಗಾಢವಾಗುತ್ತದೆ, ನೆರಳಿನಲ್ಲಿಟ್ಟರೆ ಹಸಿರಿಗೆ ತಿರುಗುತ್ತದೆ. ಎರಡನ್ನೂ ಅಕ್ಕಪಕ್ಕ ನೆಟ್ಟರೆ ಜೇನುಹುಳಗಳು ಪರಾಗ ಬೆರೆಸುತ್ತವೆ. ಉದುರಿದ ಬೀಜದಿಂದ ಮರುವರ್ಷ ಏಳುವ ಸಸಿಗಳಲ್ಲಿ ಕಡುನೇರಳೆ, ನಸುನೇರಳೆ, ಹಸಿರು ಎಲ್ಲ ಛಾಯೆಗಳೂ ಬರುತ್ತವೆ. ಕರಿ ತುಳಸಿಯನ್ನು ಕರಿಯದಾಗಿಯೇ ಉಳಿಸಿಕೊಳ್ಳಬೇಕಾದವರು ಟೊಂಗೆ ಕತ್ತರಿಸಿ ನೆಡುವುದು ಲೇಸು.

ನಮ್ಮ ಹಳೆಯ ವೈದ್ಯ ಗ್ರಂಥಗಳು ಈ ವಿಷಯದಲ್ಲಿ ತೋರಿದ ವಿವೇಕ ನನಗೆ ಬಹಳ ಮೆಚ್ಚಿಗೆ. 16ನೇ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ಬಿಳಿ ತುಳಸಿ, ಕರಿ ತುಳಸಿ ಎರಡನ್ನೂ ಹೆಸರಿಸಿ, ಗುಣದಲ್ಲಿ ಎರಡೂ ಸಮವೆಂದು ಹೇಳಿದ್ದಾನೆ. ಬರ್ಬರಿ ಎಂಬ ಇನ್ನೊಂದು ಗಿಡವನ್ನು ಮಾತ್ರ ತುಳಸಿಯಿಂದ ಬೇರೆಯಾಗಿಯೇ ಇಟ್ಟು, ಅದರೊಳಗೆ ಕರಿಯದು, ಬಿಳಿಯದು, ಆಲದಂಥ ಎಲೆಯದು ಎಂದು ಮೂರು ಬಗೆ ಮಾಡಿದ್ದಾನೆ. ಬರ್ಬರಿಯನ್ನು ಪಂಡಿತರು ನಮ್ಮ ಕಾಮಕಸ್ತೂರಿ ಅಥವಾ ಸಬ್ಜಾ ಎಂದು ಗುರುತಿಸುತ್ತಾರೆ. ಅಂದರೆ ಮೊದಲು ಗಿಡ ಬೇರೆಯೋ ಎಂಬ ಪ್ರಶ್ನೆ, ಆಮೇಲೆ ಅದರೊಳಗಿನ ಬಣ್ಣದ ಬಗೆ. ಇಂದಿನ ವರ್ಗೀಕರಣದ ಕ್ರಮವೂ ಇದೇ. ಅದಕ್ಕೂ ಎಷ್ಟೋ ಹಿಂದೆ ಸುಶ್ರುತ ಸಂಹಿತೆಯ ಸುರಸಾದಿ ಗಣದಲ್ಲಿ ಸುರಸ, ಶ್ವೇತಸುರಸ, ಫಣಿಜ್ಝಕ, ಅರ್ಜಕ, ಸುಮುಖ, ಕಾಲಮಾಲ ಎಂದು ಘಮದ ಗಿಡಗಳ ಸಾಲೇ ಇದೆ. ಅವುಗಳಲ್ಲಿ ಯಾವುದು ಇಂದಿನ ಯಾವ ಪ್ರಭೇದ ಎಂಬ ವಾದ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ.

ಜೀನುಗಳ ಮಟ್ಟದ ಪರೀಕ್ಷೆಯೂ ಆಗಿದೆ. 2015ರಲ್ಲಿ ಎರಡು ತಂಡಗಳು ತುಳಸಿಯ ಜೀನೋಮಿನ ಕರಡನ್ನು ಪ್ರಕಟಿಸಿದವು. ಒಂದು ಲಖನೌದ ಸಿಮ್ಯಾಪ್, ಅಂದರೆ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯದು. ಇನ್ನೊಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆರ್. ಸೌಧಾಮಿನಿ ಅವರ ತಂಡದ್ದು. ಬೆಂಗಳೂರಿನವರು ಆರಿಸಿಕೊಂಡದ್ದು ಕೃಷ್ಣ ತುಳಸಿ. ಅದರಲ್ಲಿ ಕೆಲಸ ಮಾಡುತ್ತಿರುವ ಜೀನುಗಳನ್ನು ರಾಮ ತುಳಸಿಯೊಂದಿಗೂ ಹೋಲಿಸಿದರು. ಈ ಎರಡನ್ನೂ ಅವರು ಒಂದೇ ಪ್ರಭೇದದ ಉಪಬಗೆಗಳೆಂದೇ ಪರಿಗಣಿಸಿದ್ದಾರೆ.

ಇಲ್ಲೊಂದು ತೊಡಕಿದೆ, ಅದು ನಿಜಕ್ಕೂ ಅಪಾಯದ್ದು. ‘ರಾಮ ತುಳಸಿ’ ಎಂದು ಹಸಿರೆಲೆಯ ತುಳಸಿಯನ್ನು ಕರೆಯುವವರಿದ್ದಾರೆ. ಆಳೆತ್ತರ ಬೆಳೆಯುವ, ಅಂಗೈಯಗಲ ಎಲೆಯ, ಲವಂಗದ ಘಮದ ಇನ್ನೊಂದು ಗಿಡವನ್ನೂ ಅದೇ ಹೆಸರಿನಿಂದ ಕರೆಯುವವರಿದ್ದಾರೆ. ಈ ಎರಡನೆಯದು ಆಸಿಮಮ್ ಗ್ರಾಟಿಸ್ಸಿಮಮ್, ಬೇರೆಯದೇ ಪ್ರಭೇದ. ‘ವನ ತುಳಸಿ’ಯ ಕಥೆಯೂ ಇದೇ. ಗಡಿಯಾಚೆಯ ಮರಾಠಿ ಹಳ್ಳಿಗಳ ‘ರಾನ್ ತುಳಸ’ದ ಪಾಡೂ ಇದೇ. ಕೊಲ್ಲಾಪುರ, ಸಾಂಗಲಿಗಳ ವ್ಯಾಪಾರ ನಮ್ಮ ಐದೂ ತಾಲ್ಲೂಕುಗಳೊಳಗೆ ದಿನವೂ ಓಡಾಡುವುದರಿಂದ ಹೆಸರುಗಳೂ ಎರಡೂ ಭಾಷೆಯಲ್ಲಿ ಓಡಾಡುತ್ತವೆ, ಗಿಡ ಮಾತ್ರ ಕೈ ಬದಲಾಗುತ್ತದೆ.

ಹಾಗಾದರೆ ನಮ್ಮ ಬದುವಿನಲ್ಲಿ ನಿಂತವರು ಯಾರು ಯಾರು?

ಮೊದಲನೆಯದು ಈಗ ಹೇಳಿದ ಗ್ರಾಟಿಸ್ಸಿಮಮ್. ತೋಟದ ಮನೆ, ಬಾವಿ ದಂಡೆ, ಮಠದ ಹಿತ್ತಿಲು ಇದರ ಜಾಗ. ಬುಡ ಕಟ್ಟಿಗೆಯಾಗಿ ಹಲವು ವರ್ಷ ಬಾಳುತ್ತದೆ. ಹೂವು ಬಿಳಿಚು ಹಸಿರು, ನೋಡಲು ನೀರಸ. ಇದರ ಗುರುತು ಪುಷ್ಪಪಾತ್ರೆಯಲ್ಲಿದೆ. ಹೂವು ಉದುರಿದ ಮೇಲೆ ಕೆಳಗಿನ ನಡುವಿನ ಎರಡು ಹಲ್ಲುಗಳು ಮೇಲೆದ್ದು ಬಾಯಿಯನ್ನು ಮುಚ್ಚಿಬಿಡುತ್ತವೆ. ಲವಂಗದ ವಾಸನೆಗೆ ಕಾರಣ ಯೂಜಿನಾಲ್. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯ ಈ ಪ್ರಭೇದದಿಂದಲೇ ಯೂಜಿನಾಲ್ ಹೇರಳವಾಗಿರುವ ‘ಕ್ಲೋಸಿಮಮ್’ ಎಂಬ ತಳಿಯನ್ನು ಬೆಳೆಸಿತು.

ಎರಡನೆಯದು ಕಾಮಕಸ್ತೂರಿ, ನಮ್ಮ ಕಡೆಯವರ ಸಬ್ಜಾ, ಶಾಸ್ತ್ರದ ಆಸಿಮಮ್ ಬ್ಯಾಸಿಲಿಕಮ್. ನೆಟ್ಟ ಜಾಗದಿಂದ ತಪ್ಪಿಸಿಕೊಂಡು ಬದುವಿಗೆ ಇಳಿದಿರುತ್ತದೆ. ಎಲೆ ನುಣುಪು, ಹೂವು ದೊಡ್ಡದು, ಏಳೆಂಟು ಮಿಲಿಮೀಟರ್. ಪಿಜ್ಜಾದ ಮೇಲೆ ಉದುರಿಸುವ ಇಟಲಿಯ ಎಲೆಯೂ ಇದೇ ಪ್ರಭೇದ. ಥಾಯ್ ಅಡುಗೆಯಲ್ಲಂತೂ ಎರಡೂ ಬೇಕು, ಒಂದು ಪದಾರ್ಥಕ್ಕೆ ನಮ್ಮ ಕಟ್ಟೆಯ ತುಳಸಿ, ಇನ್ನೊಂದಕ್ಕೆ ಸಬ್ಜಾ ಎಲೆ.

ಮೂರನೆಯದು ನಾಯಿತುಳಸಿ, ಆಸಿಮಮ್ ಅಮೆರಿಕಾನಮ್. ಆಫ್ರಿಕ ಮತ್ತು ಏಷ್ಯಾಗಳ ಈ ಗಿಡಕ್ಕೆ ಲಿನೇಯಸ್ 1755ರಲ್ಲಿ ತಪ್ಪಾಗಿ ಅಮೆರಿಕದ ಹೆಸರಿಟ್ಟ, ನಿಯಮದಂತೆ ಅದೂ ಹಾಗೇ ಉಳಿಯಿತು. ತೆಲಸಂಗದ ಕಡೆಯ ಒಣ ಬೇಸಾಯದ ಎರೆ ಹೊಲಗಳಂಥ ಜಾಗ ಇದಕ್ಕೆ ಹಿತ. ಮಳೆಗಾಲದಲ್ಲಿ ಹುಟ್ಟಿ, ಮೊಣಕಾಲೆತ್ತರಕ್ಕೆ ನಿಂತು, ಚಳಿಗಾಲದ ಹೊತ್ತಿಗೆ ಬೀಜ ಉದುರಿಸಿ ಒಣಗುತ್ತದೆ. ಎಲೆ ಕಿರಿದು, ಹೂವು ಬಿಳಿ. ಚಿಕ್ಕದಾಗಿರುವುದರಿಂದ ಬಡಕಲು ಸಬ್ಜಾ ಎಂದು ಯಾರಾದರೂ ಮೋಸಹೋಗಬಹುದು. ಆಗ ಕಾಯಿಗಟ್ಟಿದ ಪುಷ್ಪಪಾತ್ರೆಯನ್ನು ಅಳೆಯಬೇಕು. ನಾಯಿತುಳಸಿಯಲ್ಲಿ ಅದು ನಾಲ್ಕು ಮಿಲಿಮೀಟರಿನ ಆಸುಪಾಸು, ಸಬ್ಜಾದಲ್ಲಿ ಆರು ಅಥವಾ ಹೆಚ್ಚು. ಶಾಲೆಯ ಅಳತೆಪಟ್ಟಿ ಈ ಕೆಲಸಕ್ಕೆ ಸಾಕು.

ನಾಲ್ಕನೆಯದೇ ಆ ಪರಕುಲದ ಗಿಡ. ಮಳೆಗಾಲ ಮುಗಿಯುತ್ತಲೇ ರಸ್ತೆಯ ಎರಡೂ ಮಗ್ಗುಲಿಗೆ ಆಳೆತ್ತರ ನಿಲ್ಲುವ, ನೀಲಿ ಹೂವಿನ, ಮುಟ್ಟಿದರೆ ಗಾಢ ವಾಸನೆ ಬಿಡುವ ಇದನ್ನು ಕೆಲವು ಕಡೆ ವಿಲಾಯತಿ ತುಳಸಿ ಎಂದೂ ಕರೆಯುತ್ತಾರೆ. ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮ ದೇಶದ ಪಾಳುಭೂಮಿಯನ್ನೆಲ್ಲ ಹಿಡಿದ ಕಳೆ ಇದು. ಹಳೆಯ ಪುಸ್ತಕಗಳಲ್ಲಿ ಹಿಪ್ಟಿಸ್, ಈಗ ಮೆಸೋಸ್ಫೇರಮ್. ಪುದೀನ ಕುಟುಂಬದ್ದೇ ಆದರೂ ಆಸಿಮಮ್ ಅಲ್ಲ. ಪುಷ್ಪಪಾತ್ರೆಯ ಐದೂ ಹಲ್ಲುಗಳು ಒಂದೇ ಸಮ, ಮುಳ್ಳಿನಂತೆ ನೆಟ್ಟಗೆ. ಮೇಲೆ ಅಗಲದ ಹಾಲೆ ಇಲ್ಲವೇ ಇಲ್ಲ. ಬೆರಳಿಗೆ ಚುಚ್ಚಿದರೆ ತಿಳಿಯುತ್ತದೆ. ‘ಅಡವಿ ತುಳಸಿ ಮನೆ ತುಳಸಿಗಿಂತ ಖಡಕ್’ ಎಂದು ಇದನ್ನೇ ಕಿತ್ತು ಕಷಾಯ ಕಾಸುವವರಿದ್ದಾರೆ ಎಂಬುದೇ ನನ್ನ ಆತಂಕ.

ಬೀಜದ ಪರೀಕ್ಷೆ ಇನ್ನೂ ಸುಲಭ, ಅದು ನಮ್ಮ ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ಗೊತ್ತಿರುವುದೇ. ಬೇಸಿಗೆಯಲ್ಲಿ ಶರಬತ್ತಿಗೆ, ಫಾಲೂದಾಕ್ಕೆ ಸಬ್ಜಾ ಬೀಜ ನೆನೆಹಾಕುತ್ತೇವೆ. ಕೆಲವೇ ನಿಮಿಷಗಳಲ್ಲಿ ಕಪ್ಪು ಬೀಜದ ಸುತ್ತ ಬೂದುಬಿಳಿ ಲೋಳೆ ಉಬ್ಬಿ ನಿಲ್ಲುತ್ತದೆ. ಕಟ್ಟೆಯ ತುಳಸಿಯ ಕಂದು ಬೀಜವನ್ನು ಹಾಗೇ ನೆನೆಸಿ ನೋಡಿ, ಹೆಚ್ಚೆಂದರೆ ತೆಳುವಾದ ಪೊರೆ ಮೂಡೀತು, ಸಬ್ಜಾದಂತೆ ಉಬ್ಬುವುದಿಲ್ಲ. ಅಂಗಡಿಯಲ್ಲಿ ‘ತುಳಸಿ ಬೀಜ’ ಎಂದು ಕೊಟ್ಟದ್ದು ಲೋಳೆಗಟ್ಟಿದರೆ ಅದು ಬಹುಮಟ್ಟಿಗೆ ಸಬ್ಜಾ. ಈಚೆಗೆ ಎಲ್ಲೆಡೆ ಸಿಗುವ ಚಿಯಾವನ್ನೂ ಸಬ್ಜಾ ಎಂದು ತಿಳಿಯುವವರಿದ್ದಾರೆ. ಚಿಯಾ ಇದೇ ಕುಟುಂಬದ ಸಾಲ್ವಿಯಾ ಕುಲದ್ದು, ಮೆಕ್ಸಿಕೋ ಕಡೆಯದು. ಅದರ ಬೀಜದಲ್ಲಿ ಬೂದು, ಬಿಳಿ, ಕಂದು ಮಚ್ಚೆಗಳು ಬೆರೆತಿರುತ್ತವೆ, ಸಬ್ಜಾ ಒಂದೇ ಸಮ ಕಪ್ಪು.

ಅಡುಗೆಮನೆಯ ಈ ಲೋಳೆಯೇ ಕುಲವನ್ನು ಎರಡು ಬಣಗಳಾಗಿ ಒಡೆಯಲು ವಿಜ್ಞಾನಿಗಳಿಗೂ ನೆರವಾಯಿತು. ಕೇರಳದ ಕಾಣಿ ಬುಡಕಟ್ಟಿನವರಿಗೆ ‘ಆರೋಗ್ಯಪ್ಪಚ್ಚ’ ಎಂಬ ಗಿಡದ ಔಷಧದ ಲಾಭದಲ್ಲಿ ಪಾಲು ಸಿಗುವಂತೆ ಮಾಡಿ ಮುಂದೆ ಹೆಸರಾದ ಪಿ. ಪುಷ್ಪಾಂಗದನ್ ತಮ್ಮ ಸಂಶೋಧನೆ ಆರಂಭಿಸಿದ್ದು ಆಸಿಮಮ್ ಕುಲದ ಮೇಲೆ. ಜಮ್ಮುವಿನ ಪ್ರಯೋಗಾಲಯದಲ್ಲಿ ಎಸ್.ಎನ್. ಸೋಬ್ತಿಯವರೊಂದಿಗೆ ಪ್ರಭೇದಗಳನ್ನು ಒಂದಕ್ಕೊಂದು ಸಂಕರ ಮಾಡಿ, ವರ್ಣತಂತುಗಳನ್ನು ಎಣಿಸಿ, 1982ರಲ್ಲಿ ವಿವರವಾದ ವರದಿ ಕೊಟ್ಟರು. ಬ್ಯಾಸಿಲಿಕಮ್ ಬಣದವು ಹೆಚ್ಚಾಗಿ ಒಂದು ವರ್ಷದ ಮೆತುಗಿಡಗಳು. ಬೀಜ ಕಪ್ಪು, ಉದ್ದುರುಟು, ಲೋಳೆ ಸಮೃದ್ಧ. ವರ್ಣತಂತುಗಳ ಮೂಲ ಸಂಖ್ಯೆ 12. ಸ್ಯಾಂಕ್ಟಮ್ ಬಣದವು ಬಹುವರ್ಷದ ಪೊದೆಗಳು. ಬೀಜ ಕಂದು, ಗುಂಡು, ಲೋಳೆ ಇಲ್ಲ ಅಥವಾ ತೀರ ಕಡಿಮೆ. ಮೂಲ ಸಂಖ್ಯೆ 8. ನಮ್ಮ ಸಬ್ಜಾ, ನಾಯಿತುಳಸಿ ಮೊದಲ ಬಣಕ್ಕೆ ಸೇರಿದರೆ ಕಟ್ಟೆಯ ತುಳಸಿ, ಗ್ರಾಟಿಸ್ಸಿಮಮ್ ಎರಡನೆಯದಕ್ಕೆ. ಹೂವಿನ ರಚನೆಯೊಂದನ್ನೇ ನಂಬಿದವರು ಬೇರೆಯಾಗಿ ಗುಂಪು ಮಾಡಿದ್ದರು. ಇಂಗ್ಲೆಂಡಿನ ಜಾರ್ಜ್ ಬೆಂಥಮ್ 1832ರಿಂದ 1836ರವರೆಗೆ ಪ್ರಕಟಿಸಿದ ಪುದೀನ ಕುಟುಂಬದ ಮಹಾಗ್ರಂಥದಲ್ಲಿ ಮೇಲಿನ ಜೋಡಿ ಕೇಸರದಂಡದ ಬುಡವನ್ನೇ ಆಧಾರವಾಗಿಟ್ಟುಕೊಂಡ. ಅಲ್ಲಿ ಸಣ್ಣ ಹಲ್ಲಿನಂಥ ಚಾಚು ಇದ್ದರೆ ಒಂದು ವಿಭಾಗ, ಬರೀ ರೋಮದ ಕುಚ್ಚಿದ್ದರೆ ಇನ್ನೊಂದು, ಏನೂ ಇಲ್ಲದಿದ್ದರೆ ಮೂರನೆಯದು. ಅವನ ಲೆಕ್ಕದಲ್ಲಿ ಗ್ರಾಟಿಸ್ಸಿಮಮ್ ಸಬ್ಜಾದ ಜೊತೆಗಿತ್ತು. ವರ್ಣತಂತುಗಳ ಎಣಿಕೆ ಅದನ್ನು ತುಳಸಿಯ ಪಕ್ಕಕ್ಕೆ ತಂದಿತು. ಯಾವ ಲಕ್ಷಣಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಈ ಜಗಳ ವರ್ಗೀಕರಣದ ಜೀವಾಳ. ಒಂದೇ ಲಕ್ಷಣವನ್ನು ನೆಚ್ಚಿದ ಕಡೆಯೆಲ್ಲ, ಅದು ಎಲೆಯ ಬಣ್ಣವಿರಲಿ, ಕೇಸರದ ಹಲ್ಲಿರಲಿ, ಮುಂದಿನವರು ತಿದ್ದಬೇಕಾಗಿ ಬಂದಿದೆ.

ನಮ್ಮ ಪ್ರದೇಶದ ಗಿಡಗಳು ಪುಸ್ತಕಕ್ಕೆ ಸೇರಿದ್ದು ಮುಂಬೈ ಪ್ರಾಂತದ ಮೂಲಕ. ಬೆಳಗಾವಿ ಜಿಲ್ಲೆ ಆಗ ಅದರ ಭಾಗ. 19ನೇ ಶತಮಾನದ ನಡುವಿನಲ್ಲಿ ಬೆಳಗಾವಿಯಲ್ಲಿದ್ದ ರಿಚಿ ಎಂಬಾತ ಇಲ್ಲಿನ ಗಿಡಗಳನ್ನು ಒಣಗಿಸಿ, ಅಂಟಿಸಿ ಕೂಡಿಟ್ಟ. ಥಿಯೋಡೋರ್ ಕುಕ್ 1901ರಿಂದ 1908ರ ನಡುವೆ ಹೊರತಂದ ಮುಂಬೈ ಪ್ರಾಂತದ ಸಸ್ಯಸಂಪುಟದಲ್ಲಿ ಆ ಮಾದರಿ ಹಾಳೆಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ವಿಲಿಯಂ ಡೈಮಾಕ್ ಮತ್ತು ಜೊತೆಗಾರರು 1890ರ ದಶಕದ ಆರಂಭದಲ್ಲಿ ಬರೆದ ಔಷಧ ಸಸ್ಯಗಳ ಗ್ರಂಥವೂ ಮುಂಬೈ ಸೀಮೆಯ ಅಂಗಡಿಗಳ ಅನುಭವದಿಂದ ಬಂದದ್ದೇ. ಇವನ್ನು ಓದುವಾಗ ನನ್ನನ್ನು ಕಾಡುವುದು ಒಂದೇ ಕೊರತೆ. ಗಿಡ ತಂದುಕೊಟ್ಟ, ಅದರ ಹೆಸರು ಹೇಳಿದ ಹಳ್ಳಿಯವರ ಹೆಸರುಗಳು ಅವುಗಳಲ್ಲಿ ಸಿಗುವುದೇ ಅಪರೂಪ.

ಪ್ರಭೇದದ ಒಳಗಿನ ಬಗೆಗಳಿಗೆ ಬಂದರೆ ಗೊಂದಲ ಇನ್ನೂ ದಟ್ಟ. ಸಬ್ಜಾ ಒಂದಕ್ಕೇ ಬೆಂಥಮ್ ನೇರಳೆಯದು, ರೋಮದ್ದು, ದೊಡ್ಡೆಲೆಯದು, ಸುಕ್ಕೆಲೆಯದು, ಒತ್ತು ತೆನೆಯದು ಎಂದು ಹಲವು ಬಗೆಗಳನ್ನು ಹೆಸರಿಸಿದ್ದ. ಬೀಜ ಬಿತ್ತಿದರೆ ಒಂದರ ಮಡಿಲಲ್ಲಿ ಇನ್ನೊಂದು ಹುಟ್ಟುವಷ್ಟು ಇವು ಬೆರೆತುಹೋಗುತ್ತವೆ. 1996ರಲ್ಲಿ ಪೇಟನ್ ಮತ್ತು ಇಸ್ರೇಲಿನ ಎಲಿ ಪುಟಿಯೆವ್ಸ್ಕಿ ಈ ಗೋಜಲನ್ನು ಬಿಡಿಸಲು ಕುಳಿತರು. ಹೊರರೂಪದ ಜೊತೆಗೆ ಸಂಕರದ ಫಲಿತಾಂಶ, ವರ್ಣತಂತುಗಳನ್ನೂ ಸೇರಿಸಿ ನೋಡಿದರು. ನಿಂಬೆ ವಾಸನೆಯ ಗಿಡದ ಪ್ರಶ್ನೆ ಇದರಲ್ಲಿ ಮುಖ್ಯ. ಇದು ಸಬ್ಜಾ ಮತ್ತು ನಾಯಿತುಳಸಿಗಳ ಸಂಕರದಿಂದ ಹುಟ್ಟಿ ತನ್ನದೇ ಆದ ಬೀಜಕಟ್ಟುವ ಶಕ್ತಿ ಪಡೆದ ಗಿಡವೆಂದು ಈಗ ನಂಬಲಾಗಿದೆ. ಸಸ್ಯಶಾಸ್ತ್ರಜ್ಞ ಲೊರೇರೊ 1790ರಲ್ಲೇ ಕೊಟ್ಟಿದ್ದ ಆಫ್ರಿಕಾನಮ್ ಎಂಬ ಹೆಸರು ಇದಕ್ಕೆ ಸಲ್ಲುತ್ತದೆ. ಇದರ ಪುಷ್ಪಪಾತ್ರೆಯ ಅಳತೆಯೂ ಅಪ್ಪ ಅಮ್ಮಂದಿರ ನಡುವೆಯೇ ಬೀಳುತ್ತದೆ. ಹೀಗೆ ಎಲ್ಲ ಸಂಕರಗಳೂ ನೆಲೆಗೊಳ್ಳುವುದಿಲ್ಲ. 1983ರಲ್ಲಿ ಅಮೆರಿಕದ ಒಹಾಯೊದ ನರ್ಸರಿಯೊಂದರಲ್ಲಿ ಕರ್ಪೂರ ತುಳಸಿ ಎಂಬ ಇನ್ನೊಂದು ಪ್ರಭೇದ ಮತ್ತು ನೇರಳೆ ಸಬ್ಜಾ ತಾವಾಗಿ ಕೂಡಿ ಹುಟ್ಟಿದ ‘ಆಫ್ರಿಕನ್ ಬ್ಲೂ’ ಎಂಬ ಚೆಲುವಾದ ಗಿಡ ಇಂದಿಗೂ ಒಂದೂ ಬೀಜ ಕಟ್ಟಿಲ್ಲ, ಟೊಂಗೆಯಿಂದಲೇ ಮುಂದುವರಿದಿದೆ.

ಹೊರರೂಪ ಒಂದೇ ಆಗಿದ್ದರೂ ಒಳಗಿನ ಎಣ್ಣೆ ಬೇರೆಯಾಗಿರಬಹುದು ಎಂಬುದು ಬೆಳೆಗಾರರು ಮರೆಯಬಾರದ ಮಾತು. ಒಂದು ಸಬ್ಜಾದ ಎಣ್ಣೆಯಲ್ಲಿ ಲಿನಲೂಲ್ ಹೆಚ್ಚು, ಇನ್ನೊಂದರಲ್ಲಿ ಮೀಥೈಲ್ ಚಾವಿಕಾಲ್, ಮತ್ತೊಂದರಲ್ಲಿ ಮೀಥೈಲ್ ಸಿನ್ನಮೇಟ್. ಗ್ರಾಟಿಸ್ಸಿಮಮ್‌ನಲ್ಲಿ ಯೂಜಿನಾಲಿನ ಬದಲು ಅಜವಾನದ ಥೈಮಾಲ್ ತುಂಬಿದ ಬಗೆಯೂ ಇದೆ. ಎಣ್ಣೆಯ ಘಟಕ ನೋಡಿ ಮಾಡುವ ಈ ವಿಂಗಡಣೆಗೆ ರಸಾಯನ ಬಗೆ ಎನ್ನಬಹುದು. ಎಣ್ಣೆಯ ಬೆಲೆ ನಿಲ್ಲುವುದು, ಅದು ಯಾವ ಉಪಯೋಗಕ್ಕೆ ಸಲ್ಲುತ್ತದೆ ಎಂದು ತೀರ್ಮಾನವಾಗುವುದು ಇದರ ಮೇಲೆ. ಮೀಥೈಲ್ ಚಾವಿಕಾಲನ್ನು ಆಹಾರದಲ್ಲಿ ಮಿತಗೊಳಿಸಬೇಕೆಂದು ಐರೋಪ್ಯ ಒಕ್ಕೂಟದ ಆಹಾರ ತಜ್ಞರ ಸಮಿತಿ 2001ರಲ್ಲೇ ಸಲಹೆ ಕೊಟ್ಟಿದೆ. ಸಿಮ್ಯಾಪ್ ಬಿಡುಗಡೆ ಮಾಡಿದ ತಳಿಗಳೂ ಈ ಭೇದವನ್ನು ಗಮನದಲ್ಲಿಟ್ಟುಕೊಂಡೇ ಬಂದವು. ಸಿಮ್-ಆಯು ಯೂಜಿನಾಲ್ ಹೆಚ್ಚಿರುವ ಕಟ್ಟೆಯ ತುಳಸಿ, ಸಿಮ್-ಅಂಗನ ಅದರ ನೇರಳೆ ತಳಿ, ಸಿಮ್-ಸೌಮ್ಯ ಸಬ್ಜಾ ಪ್ರಭೇದದ್ದು, ಸಿಮ್-ಜ್ಯೋತಿ ನಿಂಬೆ ವಾಸನೆಯ ಆಫ್ರಿಕಾನಮ್. ನಾಲ್ಕನ್ನೂ ‘ತುಳಸಿ ಬೀಜ’ ಎಂದು ಕೇಳಿದರೆ ಯಾವುದು ಕೈಗೆ ಬಂದೀತು? ಕಬ್ಬು, ತಂಬಾಕುಗಳ ನಡುವೆ ಒಂದೆರಡು ಗುಂಟೆ ಸುಗಂಧ ಬೆಳೆಗೆ ಬಿಡಬೇಕೆನ್ನುವ ರೈತ ಪ್ರಭೇದ ಮತ್ತು ತಳಿ ಎರಡನ್ನೂ ಹೆಸರಿಸಿ ಬೀಜ ಕೇಳಬೇಕು, ಎಣ್ಣೆ ಕೊಳ್ಳುವವರಿಗೆ ಬೇಕಾದ ಘಟಕ ಯಾವುದೆಂದು ಬಿತ್ತುವ ಮೊದಲೇ ವಿಚಾರಿಸಬೇಕು.

ಎಲ್ಲ ಕಡೆಯೂ ಹೂವು ಬೀಜ ಸಿಗುವುದಿಲ್ಲ ನಿಜ. ಪಂಢರಪುರದ ದಿಂಡಿಗೆ ಹೋದವರು ತರುವ ತುಳಸಿ ಮಾಲೆಯ ಮಣಿಯನ್ನು ಕಣ್ಣಿಂದ ನೋಡಿ ಪ್ರಭೇದ ಹೇಳಲಾಗದು. ಕಟ್ಟಿಗೆಯ ತೆಳು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟೇ ನೋಡಬೇಕು. ಒಣಗಿಸಿ ಪುಡಿ ಮಾಡಿದ ಎಲೆಯೂ ಹಾಗೇ, ಪ್ರಯೋಗಾಲಯ ಬೇಕು. ಹಾಗಾಗಿ ವಿಂಗಡಣೆ ಆಗಬೇಕಾದದ್ದು ಗಿಡ ಇನ್ನೂ ಹೊಲದಲ್ಲಿ, ಕಟ್ಟೆಯಲ್ಲಿ ಇರುವಾಗಲೇ. ಕೀಳುವವರ ಕಣ್ಣಿಗೆ ಈ ಗುರುತುಗಳು ಕಂಡರೆ ಅಲ್ಲೇ ಮುಕ್ಕಾಲು ಪಾಲು ಬೆರಕೆ ತಪ್ಪುತ್ತದೆ.

ಈ ಐದು ತಾಲ್ಲೂಕುಗಳ ಕಾಲೇಜು ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ನಿಪ್ಪಾಣಿಯ ಕಡೆ ಮಳೆ ಹೆಚ್ಚು, ಅಥಣಿಯ ಮೂಡಣ ಭಾಗ ಒಣ, ನಡುವೆ ಕೃಷ್ಣೆ, ದೂಧಗಂಗೆಯರ ನೀರಾವರಿ. ಹತ್ತಿರ ಹತ್ತಿರದಲ್ಲೇ ಇಷ್ಟು ಬೇರೆ ಬೇರೆ ನೆಲವಿರುವಾಗ ಯಾವ ತುಳಸಿ ಎಲ್ಲಿ ನಿಂತಿದೆ ಎಂದು ಗುರುತು ಹಾಕುವುದು ಒಳ್ಳೆಯ ಅಧ್ಯಯನವಾದೀತು. ಹೂವೂ ಬಲಿತ ಬೀಜವೂ ಒಟ್ಟಿಗಿರುವ ತೆನೆಯನ್ನು ಬುಡದ ಎಲೆಗಳ ಸಹಿತ ಕತ್ತರಿಸಿ, ಹಳೆಯ ದಿನಪತ್ರಿಕೆಯ ನಡುವೆ ಹರವಿ, ಮೇಲೆ ಭಾರವಿಟ್ಟು, ಹಾಳೆಯನ್ನು ದಿನವೂ ಬದಲಿಸುತ್ತ ಒಣಗಿಸಬೇಕು. ನೇರಳೆ ಬಣ್ಣ ಒಣಗಿದಾಗ ಮಾಸುವುದರಿಂದ ಅದನ್ನೂ, ವಾಸನೆಯನ್ನೂ, ಹೂವಿನ ಅಳತೆಯನ್ನೂ ಹಸಿ ಇದ್ದಾಗಲೇ ಬರೆದಿಡಬೇಕು. ಸಂಶಯ ಬಂದ ಹಾಳೆಗಳನ್ನು ತೋರಿಸಲು ದೂರ ಹೋಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಂಪ್ರದಾಯಿಕ ಔಷಧ ಸಂಸ್ಥೆ ಬೆಳಗಾವಿಯಲ್ಲಿದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವಿದೆ. ಪ್ರತಿ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಚೀಟಿ ಅಂಟಿಸಿ ಊರು, ತಾರೀಖು, ನೆಲದ ಬಗೆ ಬರೆಯಬೇಕು. ಅದರ ಕೆಳಗೆ ಆ ಗಿಡಕ್ಕೆ ಅಲ್ಲಿನ ಜನ ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ, ಉರ್ದುವಿನಲ್ಲಿ ಏನೆನ್ನುತ್ತಾರೆ ಎಂಬುದನ್ನೂ, ಒಪ್ಪಿಗೆ ಕೊಟ್ಟರೆ ಅದನ್ನು ಹೇಳಿದವರ ಹೆಸರನ್ನೂ ಬರೆಯಬೇಕು.